ಋಣಾತ್ಮಕ ಪುನರ್ಬಲನ ಅಂದರೆ ಶಿಕ್ಷೆಯೇ ಅಲ್ವಾ? ಕಲಿಕೆ ಮತ್ತು ವರ್ತನೆ ಕೋರ್ಸ್ ಓದಿದವರು ದಯವಿಟ್ಟು ಹೇಳಿ

ಮೂರನೇಬೆಂಚು:

ಎಲ್ಲರಿಗೂ ನಮಸ್ಕಾರ. ಈ ಸೆಮಿಸ್ಟರ್‌ನಲ್ಲಿ ಕಲಿಕೆ ಮತ್ತು ವರ್ತನೆಯ ಮನಃಶಾಸ್ತ್ರ ಅಂತ ಒಂದು ಕೋರ್ಸ್ ತೆಗೆದುಕೊಂಡಿದ್ದೇನೆ. ಮೊದಲ ಟೆಸ್ಟ್‌ನಲ್ಲಿ 30ಕ್ಕೆ 13 ಬಂತು. ಓದದೆ ಹೋಗಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ನಾಲ್ಕು ಅಧ್ಯಾಯಗಳನ್ನು ಮೂರು ಮೂರು ಸಲ ಓದಿದ್ದೆ, ಹಳದಿ ಪೆನ್ನಲ್ಲಿ ಗೆರೆ ಎಳೆದಿದ್ದೆ, ಓದುವಾಗ ಎಲ್ಲ ಅರ್ಥವಾಗುತ್ತಿತ್ತು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮಾತ್ರ ಯಾವುದು ಯಾವುದಕ್ಕೆ ಹೊಂದುತ್ತದೆ ಅಂತ ಗೊತ್ತಾಗಲಿಲ್ಲ.

ಒಂದು ಪ್ರಶ್ನೆ ಹೀಗಿತ್ತು. ಮಗು ರಚ್ಚೆ ಹಿಡಿದು ಅಳುತ್ತದೆ. ಅಪ್ಪ ಮೊಬೈಲ್ ಕೊಡುತ್ತಾರೆ. ಮಗು ಸುಮ್ಮನಾಗುತ್ತದೆ. ಯಾರ ವರ್ತನೆಗೆ ಯಾವ ಬಗೆಯ ಪುನರ್ಬಲನ ಸಿಕ್ಕಿತು? ಮಗುವಿಗೆ ಋಣಾತ್ಮಕ ಪುನರ್ಬಲನ ಸಿಕ್ಕಿತು, ಯಾಕೆಂದರೆ ಅದು ಕೆಟ್ಟ ಅಭ್ಯಾಸ ಕಲಿಯುತ್ತಿದೆ ಅಂತ ಬರೆದೆ. ಸೊನ್ನೆ. ಅಪ್ಪನ ಬಗ್ಗೆ ಏನೂ ಬರೆದಿರಲಿಲ್ಲ.

ಇನ್ನೂ ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ರೆಸ್ಕೋರ್ಲಾ-ವ್ಯಾಗ್ನರ್ ಸಮೀಕರಣ ಯಾಕೆ ಬೇಕು ಅಂತಲೇ ಗೊತ್ತಾಗುತ್ತಿಲ್ಲ, ನಾನು ಗಣಿತ ಬಿಟ್ಟು ಬಂದವಳು. ಮತ್ತೆ, ಇಡೀ ಪುಸ್ತಕದಲ್ಲಿ ಇಲಿ, ಪಾರಿವಾಳ, ನಾಯಿ. ಇದರಿಂದ ಮನುಷ್ಯರು ಹೇಗೆ ಕಲಿಯುತ್ತಾರೆ ಅಂತ ನಿಜವಾಗಿ ಗೊತ್ತಾಗುತ್ತದಾ? ಈ ವಿಷಯ ಚೆನ್ನಾಗಿ ಕಲಿಯಬೇಕು ಅನ್ನುವ ಆಸೆ ಇದೆ, ಮುಂದೆ ಮಕ್ಕಳ ಜೊತೆ ಕೆಲಸ ಮಾಡಬೇಕು ಅಂದುಕೊಂಡಿದ್ದೇನೆ. ಅದಕ್ಕೇ ಕೇಳುತ್ತಿದ್ದೇನೆ.

ಕೂಡುಕಳೆ:

ಈ ಕೋರ್ಸನ್ನು ಕೆಲವು ವರ್ಷ ಪಾಠ ಮಾಡಿದ್ದೇನೆ. ನೀವು ಮಾಡಿದ ತಪ್ಪು ಪ್ರತಿ ವರ್ಷ ಅರ್ಧ ಕ್ಲಾಸಿನವರು ಮಾಡುತ್ತಾರೆ. ಅದಕ್ಕೆ ಕಾರಣ ನೀವಲ್ಲ, ಆ ಪದ. ಧನ, ಋಣ ಅಂದ ತಕ್ಷಣ ತಲೆ ಒಳ್ಳೆಯದು, ಕೆಟ್ಟದ್ದು ಅಂತ ಓದಿಬಿಡುತ್ತದೆ. ಇಲ್ಲಿ ಅದು ಬರೀ ಕೂಡು, ಕಳೆ. ವರ್ತನೆ ಆದ ಮೇಲೆ ಏನೋ ಒಂದು ಬಂದು ಸೇರಿದರೆ ಧನ. ಇದ್ದದ್ದೇನೋ ಹೋದರೆ ಋಣ. ಅಷ್ಟೇ.

ಇನ್ನೊಂದು ಪದ ಪುನರ್ಬಲನ. ಅದು ಹೇಳುವುದು ಒಂದೇ ವಿಷಯ, ಆ ವರ್ತನೆ ಮುಂದೆ ಜಾಸ್ತಿ ಆಯಿತು. ಕಡಿಮೆ ಆದರೆ ಅದಕ್ಕೆ ಶಿಕ್ಷೆ ಅಂತ ಹೆಸರು. ಹಾಗಾಗಿ ಋಣಾತ್ಮಕ ಪುನರ್ಬಲನದಲ್ಲಿ ವರ್ತನೆ ಯಾವಾಗಲೂ ಜಾಸ್ತಿಯೇ ಆಗುತ್ತದೆ. ತಲೆನೋವು ಬಂತು, ಮಾತ್ರೆ ನುಂಗಿದಿರಿ, ನೋವು ಹೋಯಿತು. ಮುಂದಿನ ಸಲ ನೋವು ಬಂದಾಗ ಕೈ ಮಾತ್ರೆಯ ಕಡೆ ಇನ್ನೂ ಬೇಗ ಹೋಗುತ್ತದೆ. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕುವವರೆಗೂ ಬೀಪ್ ಬೀಪ್ ಅನ್ನುತ್ತಿರುತ್ತದಲ್ಲ, ಅದೂ ಇದೇ.

ಈಗ ನಿಮ್ಮ ಪ್ರಶ್ನೆಗೆ ಬನ್ನಿ. ಮಗುವಿನ ವರ್ತನೆ ಅಳು. ಅತ್ತ ಮೇಲೆ ಮೊಬೈಲ್ ಬಂತು. ಬಂದದ್ದರಿಂದ ಧನ, ನಾಳೆ ಇನ್ನೂ ಜಾಸ್ತಿ ಅಳುವುದರಿಂದ ಪುನರ್ಬಲನ. ಅಪ್ಪನ ವರ್ತನೆ ಮೊಬೈಲ್ ಕೊಡುವುದು. ಕೊಟ್ಟ ಮೇಲೆ ಅಳು ಹೋಯಿತು. ಕಿವಿಗೆ ಹಿಂಸೆ ಆಗುತ್ತಿದ್ದದ್ದು ನಿಂತಿತು, ನಾಳೆ ಅವರು ಇನ್ನೂ ಬೇಗ ಕೊಡುತ್ತಾರೆ. ಋಣಾತ್ಮಕ ಪುನರ್ಬಲನ ಸಿಕ್ಕಿದ್ದು ಅಪ್ಪನಿಗೆ. ಮಗು ಕಲಿಯುತ್ತಿರುವಾಗಲೇ ಅಪ್ಪನಿಗೂ ಕಲಿಸುತ್ತಿದೆ. ನಿಮ್ಮ ಮೇಷ್ಟ್ರು ಬಹಳ ಒಳ್ಳೆಯ ಪ್ರಶ್ನೆ ಕೊಟ್ಟಿದ್ದಾರೆ. ಒಬ್ಬರ ಮೇಲೆ ಮಾತ್ರ ಕಣ್ಣಿಟ್ಟರೆ ಮನೆಯಲ್ಲಿ ನಿಜವಾಗಿ ಏನಾಗುತ್ತಿದೆ ಅಂತ ಕಾಣುವುದೇ ಇಲ್ಲ.

ಮಕ್ಕಳ ಜೊತೆ ಕೆಲಸ ಮಾಡುತ್ತೇನೆ ಅಂದಿರಿ, ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಶಿಕ್ಷೆ ಕೊಡುವವರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಕ್ಲಾಸಿನಲ್ಲಿ ಒಬ್ಬ ಹುಡುಗ ಗಲಾಟೆ ಮಾಡುತ್ತಾನೆ, ಟೀಚರ್ ಬೈಯುತ್ತಾರೆ, ಮಾರನೇ ದಿನ ಅವನು ಇನ್ನೂ ಜಾಸ್ತಿ ಗಲಾಟೆ ಮಾಡುತ್ತಾನೆ. ಹಾಗಾದರೆ ಆ ಬೈಗುಳ ಶಿಕ್ಷೆ ಅಲ್ಲ, ಪುನರ್ಬಲನ. ಇಡೀ ದಿನದಲ್ಲಿ ಅವನ ಹೆಸರು ಹಿಡಿದು ಯಾರಾದರೂ ಮಾತಾಡಿದ್ದು ಆ ಒಂದು ಸಲ ಮಾತ್ರ ಇರಬಹುದು. ಯಾವ ಹೆಸರು ಅಂತ ತೀರ್ಮಾನ ಮಾಡುವುದು ವರ್ತನೆ ಮುಂದೆ ಯಾವ ಕಡೆ ಹೋಯಿತು ಅನ್ನುವುದು.

ಧನ-ಋಣ ಭೇದವೇ ಬೇಡ ಅಂತ 1975ರಲ್ಲೇ ಜ್ಯಾಕ್ ಮೈಕಲ್ ಅನ್ನುವ ಮನಃಶಾಸ್ತ್ರಜ್ಞರು ವಾದ ಮಾಡಿದ್ದರು. ಚಳಿಯಲ್ಲಿ ಹೀಟರ್ ಹಾಕಿದರೆ ಬಿಸಿ ಬಂತೋ, ಚಳಿ ಹೋಯಿತೋ? ಎರಡೂ ಒಂದೇ ಅಲ್ವಾ. ಆ ವಾದ ನನಗೆ ಸರಿ ಅನ್ನಿಸುತ್ತದೆ, ಆದರೆ ಪರೀಕ್ಷೆಯಲ್ಲಿ ಭೇದ ಕೇಳಿಯೇ ಕೇಳುತ್ತಾರೆ.

ಬಾಲದಭಾಷೆ:

ನಾನು ನಾಯಿಗಳಿಗೆ ತರಬೇತಿ ಕೊಡುವ ಕೆಲಸ ಮಾಡುತ್ತೇನೆ. ಮೊದಲು ಕೆಲಸ ಕಲಿತೆ, ಈ ಕೋರ್ಸ್ ಓದಿದ್ದು ಆಮೇಲೆ. ಮೇಲಿನವರು ಹೇಳಿದ್ದರ ಜೊತೆಗೆ ಎಕ್ಸ್‌ಟಿಂಕ್ಷನ್ (ಫಲ ಸಿಗುವುದು ನಿಂತ ಮೇಲೆ ಕಲಿತ ವರ್ತನೆ ಕ್ರಮೇಣ ಕಡಿಮೆಯಾಗುವುದು) ಬಗ್ಗೆ ಒಂದು ಮಾತು, ಯಾಕೆಂದರೆ ಆ ಅಪ್ಪ ನಾಳೆಯಿಂದ ಮೊಬೈಲ್ ಕೊಡುವುದಿಲ್ಲ ಅಂತ ತೀರ್ಮಾನ ಮಾಡಿದರೆ ಏನಾಗುತ್ತದೆ ಅನ್ನುವುದೇ ಮುಂದಿನ ಟೆಸ್ಟ್‌ನ ಪ್ರಶ್ನೆ ಆಗಿರುತ್ತದೆ.

ನಮ್ಮ ನಾಯಿ ಬೆಳಗಿನ ಜಾವ ಐದಕ್ಕೆ ರೂಮಿನ ಬಾಗಿಲು ಕೆರೆಯುತ್ತಿತ್ತು. ಕೆರೆದಾಗೆಲ್ಲ ಎದ್ದು ಬಾಗಿಲು ತೆಗೆಯುತ್ತಿದ್ದೆ. ಒಂದು ದಿನ ಇನ್ನು ತೆಗೆಯುವುದಿಲ್ಲ ಅಂತ ನಿರ್ಧಾರ ಮಾಡಿದೆ. ಮೊದಲ ಎರಡು ದಿನ ಕೆರೆತ ನಿಲ್ಲುವ ಬದಲು ಜೋರಾಯಿತು. ಒಂದೇ ಕಾಲಿನಲ್ಲಿ ಕೆರೆಯುತ್ತಿದ್ದದ್ದು ಎರಡೂ ಕಾಲು ಹಾಕಿ ಕೆರೆಯಲು ಶುರು ಮಾಡಿತು, ಮಧ್ಯೆ ಮಧ್ಯೆ ಬೊಗಳು, ಆಮೇಲೆ ಬಾಗಿಲಿನ ಸಂದಿಗೆ ಮೂತಿ ಇಟ್ಟು ಉಸಿರು ಬಿಡುವ ಸದ್ದು. ಇದಕ್ಕೆ ಎಕ್ಸ್‌ಟಿಂಕ್ಷನ್ ಬರ್ಸ್ಟ್ ಅನ್ನುತ್ತಾರೆ. ಸಿಗುತ್ತಿದ್ದದ್ದು ಸಿಗದೇ ಹೋದಾಗ ವರ್ತನೆ ಸ್ವಲ್ಪ ಹೊತ್ತು ಹೆಚ್ಚಾಗುತ್ತದೆ, ಹೊಸ ಹೊಸ ರೂಪ ತಾಳುತ್ತದೆ. ನಾನು ಮೂರನೇ ದಿನ ಸೋತು ಬಾಗಿಲು ತೆಗೆದೆ. ಅದೇ ದೊಡ್ಡ ತಪ್ಪು. ಒಂದು, ಜೋರಾದ ಕೆರೆತಕ್ಕೆ ಫಲ ಸಿಕ್ಕಿತು. ಎರಡು, ಕೆಲವು ಸಲ ಮಾತ್ರ ಸಿಗುತ್ತದೆ ಅಂತ ನಾಯಿ ಕಲಿಯಿತು. ಆಮೇಲೆ ಅದನ್ನು ಬಿಡಿಸಲು ಮೂರು ವಾರ ಹಿಡಿಯಿತು.

ಪ್ರತಿ ಸಲ ಸಿಗುವುದಕ್ಕಿಂತ ಆಗಾಗ ಸಿಗುವುದರಿಂದ ಕಲಿತ ವರ್ತನೆ ಗಟ್ಟಿಯಾಗಿ ಉಳಿಯುತ್ತದೆ. ಇದು ಹೇಗೆ ಗೊತ್ತಾಯಿತು ಅನ್ನುವ ಕಥೆ ನನಗೆ ಬಹಳ ಇಷ್ಟ. ಸ್ಕಿನ್ನರ್ ಅನ್ನುವ ಮನಃಶಾಸ್ತ್ರಜ್ಞರು, ಪೆಟ್ಟಿಗೆಯಲ್ಲಿರುವ ಸನ್ನೆ (ಲಿವರ್) ಒತ್ತಿದ ಇಲಿಗಳಿಗೆ ಕೊಡುವ ಆಹಾರದ ಗುಳಿಗೆಗಳನ್ನು ತಾವೇ ಕೈಯಲ್ಲಿ ತಯಾರಿಸುತ್ತಿದ್ದರು. ಎಂಟು ಇಲಿ, ಒಂದೊಂದು ದಿನಕ್ಕೆ ನೂರು ಗುಳಿಗೆ ತಿನ್ನುತ್ತಿದ್ದವು. ಒಂದು ಶನಿವಾರ ಮಧ್ಯಾಹ್ನ ಡಬ್ಬಿ ನೋಡಿದರೆ ಸೋಮವಾರ ಬೆಳಗ್ಗೆಗೆ ಖಾಲಿ ಆಗುವಷ್ಟೇ ಇತ್ತು. ಪ್ರತಿ ಒತ್ತಿಗೂ ಗುಳಿಗೆ ಯಾಕೆ ಕೊಡಬೇಕು, ನಿಮಿಷಕ್ಕೊಂದು ಕೊಟ್ಟು ನೋಡೋಣ ಅಂದುಕೊಂಡರು. ಇಲಿಗಳು ಸನ್ನೆ ಒತ್ತುವುದನ್ನು ಬಿಡಲಿಲ್ಲ, ಒಂದೇ ಸಮ ಒತ್ತುತ್ತಾ ಹೋದವು. ಅವರಿಗೆ ಮೊದಲ ಎಕ್ಸ್‌ಟಿಂಕ್ಷನ್ ರೇಖೆ ಸಿಕ್ಕಿದ್ದೂ ಗುಳಿಗೆ ಬೀಳಿಸುವ ಯಂತ್ರ ಕಚ್ಚಿಕೊಂಡು ನಿಂತಾಗ. ಇದನ್ನೆಲ್ಲ 1956ರಲ್ಲಿ ಅವರೇ ಬರೆದಿದ್ದಾರೆ. 1957ರಲ್ಲಿ ಫರ್ಸ್ಟರ್ ಜೊತೆ ಸೇರಿ ಹೊರತಂದ ದೊಡ್ಡ ಪುಸ್ತಕ ಪೂರ್ತಿ ಇದರ ಮೇಲೆಯೇ ಇದೆ. ಎಷ್ಟು ಸಲಕ್ಕೊಮ್ಮೆ, ಎಷ್ಟು ಹೊತ್ತಿಗೊಮ್ಮೆ ಕೊಟ್ಟರೆ ವರ್ತನೆ ಯಾವ ಆಕಾರ ಪಡೆಯುತ್ತದೆ ಅಂತ.

ಹಾಗಾಗಿ ಆ ಅಪ್ಪನಿಗೆ ಹೇಳುವುದಾದರೆ, ಗಟ್ಟಿಯಾಗಿ ನಿಲ್ಲಲು ಆಗುತ್ತದೆ ಅಂತ ಖಾತ್ರಿ ಇಲ್ಲದಿದ್ದರೆ ಶುರು ಮಾಡಬೇಡಿ ಅನ್ನುತ್ತೇನೆ. ಶುರು ಮಾಡುವ ಮೊದಲು ಮಗು ಅಳದೇ ಕೇಳಲು ಒಂದು ದಾರಿ ಕಲಿಸಿ, ಆ ದಾರಿಗೆ ಫಲ ಸಿಗಲಿ. ಹಳೆಯದನ್ನು ನಿಲ್ಲಿಸುವುದಷ್ಟೇ ಆದರೆ ಮಗುವಿನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಲ್ಯಾಂಬ್ಡಾ:

ಸಮೀಕರಣಕ್ಕೆ ಹೆದರಬೇಡಿ. ಕಳೆಯುವುದು, ಗುಣಿಸುವುದು ಬಂದರೆ ಸಾಕು. ಅದು ಹೇಳುವುದು ಇಷ್ಟು: ಎಷ್ಟು ಆಶ್ಚರ್ಯ ಆಯಿತೋ ಅಷ್ಟು ಕಲಿಕೆ. ಆಶ್ಚರ್ಯ ಅಂದರೆ ನಿಜವಾಗಿ ಬಂದದ್ದರಿಂದ ಬರಬಹುದು ಅಂತ ನಿರೀಕ್ಷಿಸಿದ್ದನ್ನು ಕಳೆದರೆ ಉಳಿಯುವುದು.

ಒಂದು ಪೇಪರ್ ತೆಗೆದುಕೊಳ್ಳಿ. ಶಾಕ್ ಬಂದರೆ ಗರಿಷ್ಠ ಕಲಿಕೆ 100 ಅಂತ ಇಟ್ಟುಕೊಳ್ಳಿ, ಕಲಿಯುವ ವೇಗ 0.2. ಇಲಿಗೆ ಶಬ್ದ ಕೇಳಿಸಿ ಶಾಕ್ ಕೊಡುತ್ತೀರಿ. ಮೊದಲ ಸಲ ನಿರೀಕ್ಷೆ 0. ಆಶ್ಚರ್ಯ 100, ಅದರ 0.2 ಪಾಲು 20. ಎರಡನೇ ಸಲ ಆಗಲೇ 20 ನಿರೀಕ್ಷೆ ಇದೆ. ಆಶ್ಚರ್ಯ 80, ಕಲಿಕೆ 16, ಒಟ್ಟು 36. ಮೂರನೇ ಸಲ ಆಶ್ಚರ್ಯ 64, ಕಲಿಕೆ 12.8, ಒಟ್ಟು 48.8. ಮೊದಲು ದೊಡ್ಡ ಹೆಜ್ಜೆ, ಆಮೇಲೆ ಚಿಕ್ಕ ಚಿಕ್ಕ ಹೆಜ್ಜೆ. ಪುಸ್ತಕದಲ್ಲಿ ಬಾಗಿದ ರೇಖೆ ಕಾಣುತ್ತದಲ್ಲ, ಅದು ಬಂದದ್ದು ಇಲ್ಲಿಂದ.

ಈಗ ಯಾಕೆ ಬೇಕು ಅನ್ನುವ ಪ್ರಶ್ನೆ. ಶಬ್ದ 100 ತಲುಪಿದ ಮೇಲೆ ಅದರ ಜೊತೆ ಬೆಳಕನ್ನೂ ಸೇರಿಸಿ, ಮತ್ತೆ ಅದೇ ಶಾಕ್ ಕೊಡಿ. ಬೆಳಕೂ ಶಾಕೂ ಜೊತೆಯಾಗಿ ಎಷ್ಟೋ ಸಲ ಬರುತ್ತವೆ. ಜೊತೆಯಾಗಿ ಬಂದರೆ ಸಾಕು ಅನ್ನುವುದಾದರೆ ಇಲಿ ಬೆಳಕಿಗೂ ಹೆದರಬೇಕು. ಲೆಕ್ಕ ಹಾಕಿ: ಬಂದದ್ದು 100, ನಿರೀಕ್ಷೆ 100, ಆಶ್ಚರ್ಯ 0, ಕಲಿಕೆ 0. ಲಿಯಾನ್ ಕಾಮಿನ್ ಪ್ರಯೋಗದಲ್ಲಿ ಕಂಡದ್ದೂ ಇದನ್ನೇ, ಬೆಳಕೊಂದನ್ನೇ ತೋರಿಸಿದಾಗ ಇಲಿಗಳು ಹೆಚ್ಚು ಹೆದರಲಿಲ್ಲ. ಬ್ಲಾಕಿಂಗ್ ಅನ್ನುವುದು ಇದನ್ನೇ. ರಾಬರ್ಟ್ ರೆಸ್ಕೋರ್ಲಾ ಮತ್ತು ಆಲನ್ ವ್ಯಾಗ್ನರ್ 1972ರಲ್ಲಿ ಇದನ್ನು ಸಮೀಕರಣಕ್ಕೆ ಇಳಿಸಿದರು.

ನನಗೆ ಈ ವಿಷಯದ ಹುಚ್ಚು ಹಿಡಿಸಿದ್ದು ಇನ್ನೊಂದು ಲೆಕ್ಕ. ಶಬ್ದವನ್ನು ಬೇರೆಯಾಗಿ 100ಕ್ಕೆ ತನ್ನಿ, ಬೆಳಕನ್ನು ಬೇರೆಯಾಗಿ 100ಕ್ಕೆ ತನ್ನಿ. ಈಗ ಎರಡನ್ನೂ ಒಟ್ಟಿಗೆ ಕೊಟ್ಟು ಅದೇ ಒಂದು ಶಾಕ್ ಕೊಡಿ. ನಿರೀಕ್ಷೆ 200, ಬಂದದ್ದು 100, ಆಶ್ಚರ್ಯ ಮೈನಸ್ 100. ಅದರ 0.2 ಪಾಲು ಮೈನಸ್ 20. ಅಂದರೆ ಶಾಕ್ ಬರುತ್ತಲೇ ಇದ್ದರೂ ಶಬ್ದದ ಭಯ 80ಕ್ಕೆ ಇಳಿಯಬೇಕು, ಬೆಳಕಿನದೂ 80ಕ್ಕೆ. ಸುಮ್ನೆ ಯೋಚಿಸಿದರೆ ಯಾರಿಗೂ ಹೊಳೆಯದ ಮಾತು ಇದು. ಪ್ರಯೋಗ ಮಾಡಿ ನೋಡಿದರೆ ನಿಜವಾಗಿಯೂ ಇಳಿಯುತ್ತದೆ.

1997ರಲ್ಲಿ ಶುಲ್ಟ್ಸ್, ದಯಾನ್, ಮಾಂಟೆಗ್ಯೂ ಅವರ ಲೇಖನದಲ್ಲಿ ಕೋತಿಗಳ ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಬಿಡುವ ಕೋಶಗಳೂ ಇದೇ ರೀತಿಯ ಲೆಕ್ಕ ಇಡುತ್ತವೆ ಅಂತ ಬಂತು. ನಿರೀಕ್ಷಿಸದ ಹಣ್ಣಿನ ರಸ ಬಾಯಿಗೆ ಬಿದ್ದರೆ ಕೋಶಗಳು ಚುರುಕಾಗುತ್ತವೆ. ಸೂಚನೆ ಕಲಿತ ಮೇಲೆ ಅದೇ ರಸಕ್ಕೆ ಸುಮ್ಮನಿರುತ್ತವೆ, ಚುರುಕಾಗುವುದು ಸೂಚನೆಗೆ. ಸೂಚನೆ ಬಂದು ರಸ ಬರದಿದ್ದರೆ, ಬರಬೇಕಾಗಿದ್ದ ಹೊತ್ತಿಗೆ ಸರಿಯಾಗಿ ಮಂಕಾಗುತ್ತವೆ.

ಈ ಸಮೀಕರಣ ಸೋಲುವ ಜಾಗವೂ ಗೊತ್ತಿರಲಿ. ಎಕ್ಸ್‌ಟಿಂಕ್ಷನ್ ಅಂದರೆ ಸಂಖ್ಯೆ ವಾಪಸ್ ಸೊನ್ನೆಗೆ ಇಳಿಯುವುದು ಅಂತ ಅದು ಹೇಳುತ್ತದೆ. ನಿಜದಲ್ಲಿ ಅಳಿಸಿಹೋಗುವುದಿಲ್ಲ. ಊಟದ ಸೂಚನೆಗೇ ಜೊಲ್ಲು ಸುರಿಸಲು ಕಲಿತಿದ್ದ ಪಾವ್ಲೋವ್ ನಾಯಿಗಳಿಗೆ ಊಟ ಕೊಡದೆ ಸೂಚನೆ ಮಾತ್ರ ಕೊಡುತ್ತಾ ಹೋಗಿ ಜೊಲ್ಲು ನಿಂತ ಮೇಲೆ ಸ್ವಲ್ಪ ಬಿಡುವು ಕೊಟ್ಟು ನೋಡಿದರೆ ಮತ್ತೆ ಬರುತ್ತಿತ್ತು. ಒಂದು ಪೆಟ್ಟಿಗೆಯಲ್ಲಿ ಕಲಿತ ಭಯವನ್ನು ಇನ್ನೊಂದು ಪೆಟ್ಟಿಗೆಯಲ್ಲಿ ಹೋಗಲಾಡಿಸಿ, ಇಲಿಯನ್ನು ಮೊದಲ ಪೆಟ್ಟಿಗೆಗೆ ಬಿಟ್ಟರೆ ಭಯವೂ ವಾಪಸ್. ಮಾರ್ಕ್ ಬೌಟನ್ ಈ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ನೇರಮಾತು:

ನಾನೂ ಈ ಕೋರ್ಸ್ ಓದಿದವನೇ. ನನ್ನ ಅಭಿಪ್ರಾಯ ಬೇರೆ. ಇಲಿ ಪೆಟ್ಟಿಗೆಯೊಳಗೆ ಸನ್ನೆ ಒತ್ತುತ್ತದೆ ಅಂತ ಮನುಷ್ಯ ಹೇಗೆ ಕಲಿಯುತ್ತಾನೆ ಅಂತ ಹೇಳಲು ಆಗುವುದಿಲ್ಲ. ನಮಗೆ ಭಾಷೆ ಇದೆ, ಯೋಚನೆ ಇದೆ, ಇನ್ನೊಬ್ಬರನ್ನು ನೋಡಿ ಕಲಿಯುತ್ತೇವೆ. ಬಹುಮಾನ ಕೊಟ್ಟರೆ ಎಲ್ಲ ಜಾಸ್ತಿ ಆಗುತ್ತದೆ ಅನ್ನುವುದೂ ಪೂರ್ತಿ ನಿಜ ಅಲ್ಲ.

ಕೂಡುಕಳೆ:

@ನೇರಮಾತು ಬಹುಮಾನದ ಬಗ್ಗೆ ಹೇಳಿದ್ದು ಒಪ್ಪುತ್ತೇನೆ. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಶಿಶುವಿಹಾರದ ಮಕ್ಕಳಲ್ಲಿ ಇದನ್ನೇ ತೋರಿಸಿದರು. ಬಣ್ಣದ ಪೆನ್ನಿನಿಂದ ಚಿತ್ರ ಬಿಡಿಸುವುದು ಮೊದಲೇ ಇಷ್ಟವಿದ್ದ ಮಕ್ಕಳಿಗೆ, ಬಿಡಿಸಿದರೆ ಬಹುಮಾನ ಅಂತ ಮೊದಲೇ ಹೇಳಿ ಕೊಟ್ಟರು. ಆಮೇಲೆ ಬಿಡುವಿನ ಹೊತ್ತಿನಲ್ಲಿ ಅವರು ಪೆನ್ನು ಮುಟ್ಟುವುದೇ ಕಡಿಮೆಯಾಯಿತು. ಹೇಳದೆ ಕೊಟ್ಟವರಿಗೆ ಹಾಗೆ ಆಗಲಿಲ್ಲ. ನೋಡಿ ಕಲಿಯುವುದು ಅಂದಿರಿ, ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ನೋಡಿ ಮಕ್ಕಳೂ ಹಾಗೇ ಮಾಡಿದ ಬಂಡೂರಾ ಅವರ ಗೊಂಬೆ ಪ್ರಯೋಗ 1961ರದು, ಅದೂ ಇದೇ ಕೋರ್ಸಿನಲ್ಲಿದೆ.

ಆದರೆ ಇಲಿಗಳಿಂದ ಏನೂ ಗೊತ್ತಾಗುವುದಿಲ್ಲ ಅನ್ನುವುದನ್ನು ಒಪ್ಪಲಾರೆ. ಬಹುಮಾನ ಇಲ್ಲದೆಯೂ ಕಲಿಕೆ ಆಗುತ್ತದೆ ಅಂತ ತೋರಿಸಿದ್ದೇ ಇಲಿಗಳು! ಟಾಲ್ಮನ್ ಮತ್ತು ಹಾನ್ಜಿಕ್, 1930. ಒಂದು ಗುಂಪಿನ ಇಲಿಗಳು ಹತ್ತು ದಿನ ಏನೂ ಸಿಗದೆ ಸುಮ್ನೆ ಸುರಂಗದಂಥ ದಾರಿಗಳಲ್ಲಿ ಅಲೆದಾಡಿದವು, ತಪ್ಪು ದಾರಿ ಹಿಡಿಯುವುದು ಹೆಚ್ಚೇನೂ ಕಡಿಮೆ ಆಗಲಿಲ್ಲ. 11ನೇ ದಿನ ದಾರಿಯ ಕೊನೆಯಲ್ಲಿ ಆಹಾರ ಇಟ್ಟರು. ಒಂದೆರಡು ದಿನದಲ್ಲೇ ಮೊದಲಿಂದಲೂ ಆಹಾರ ಸಿಗುತ್ತಿದ್ದ ಗುಂಪಿಗೆ ಸಮನಾದವು. ದಾರಿ ಅವಕ್ಕೆ ಆಗಲೇ ಗೊತ್ತಿತ್ತು, ತೋರಿಸಲು ಕಾರಣ ಇರಲಿಲ್ಲ. ಯಾವ ಸೂಚನೆಯನ್ನು ಬೇಕಾದರೂ ಯಾವ ಫಲದ ಜೊತೆ ಬೇಕಾದರೂ ಜೋಡಿಸಬಹುದು ಅನ್ನುವ ನಂಬಿಕೆ ಮುರಿದದ್ದೂ ಇಲಿಗಳಿಂದಲೇ. 1966ರಲ್ಲಿ ಗಾರ್ಸಿಯಾ ಮತ್ತು ಕೋಲಿಂಗ್ ಇಲಿಗಳಿಗೆ ರುಚಿ ಹಾಕಿದ ನೀರು ಇಟ್ಟರು, ನೆಕ್ಕಿದಾಗೆಲ್ಲ ಬೆಳಕು ಮಿನುಗಿ ಸದ್ದು ಬರುತ್ತಿತ್ತು. ಆಮೇಲೆ ಕೆಲವು ಇಲಿಗಳಿಗೆ ಹೊಟ್ಟೆ ಕೆಡುವಂತೆ ಮಾಡಿದರು, ಕೆಲವಕ್ಕೆ ಶಾಕ್ ಕೊಟ್ಟರು. ಹೊಟ್ಟೆ ಕೆಟ್ಟ ಇಲಿಗಳು ಆ ರುಚಿಯನ್ನು ಬಿಟ್ಟವು, ಶಾಕ್ ತಿಂದ ಇಲಿಗಳು ಬೆಳಕು-ಸದ್ದು ಬರುವ ನೀರನ್ನು ಬಿಟ್ಟವು. ಪ್ರತಿ ಪ್ರಾಣಿ ಕೆಲವು ಜೋಡಿಗಳನ್ನು ಕಲಿಯಲು ತಯಾರಾಗಿಯೇ ಹುಟ್ಟುತ್ತದೆ. ಕೀಮೋಥೆರಪಿ ಮಾಡಿಸಿಕೊಂಡವರಿಗೆ ಅದಕ್ಕೆ ಮೊದಲು ತಿಂದ ಊಟದ ಮೇಲೆ ಹೇಸಿಗೆ ಹುಟ್ಟುವುದು ಯಾಕೆ ಅಂತ ಅರ್ಥವಾದದ್ದು ಇದರಿಂದ. ಅದು ಮನುಷ್ಯರ ವಿಷಯವೇ ಅಲ್ವಾ.

ನೇರಮಾತು:

ಟಾಲ್ಮನ್ ಪ್ರಯೋಗವನ್ನು ನಾನು ಹೀಗೆ ಯೋಚಿಸಿರಲಿಲ್ಲ. ಆ ಮಾತು ಒಪ್ಪಿದೆ.

ಖಾಲಿಹಾಳೆ:

ಎಲ್ಲರೂ ವಿಷಯ ಹೇಳಿದರು, ಓದುವ ವಿಧಾನದ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮ 13ಕ್ಕೆ ಅರ್ಧ ಕಾರಣ ಅಲ್ಲಿದೆ. ಮೂರು ಸಲ ಓದಿದೆ, ಓದುವಾಗ ಎಲ್ಲ ಅರ್ಥವಾಗುತ್ತಿತ್ತು ಅಂದಿರಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಇದನ್ನೇ ಪರೀಕ್ಷೆ ಮಾಡಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಸರದಿ ಓದಿದರು. ಇನ್ನೊಂದು ಗುಂಪು ಒಂದು ಸರದಿ ಓದಿ, ಮೂರು ಸರದಿ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಓದಿದವರೇ ಮುಂದೆ. ಒಂದು ವಾರದ ನಂತರ ಓದಿದವರಿಗೆ 40% ನೆನಪಿತ್ತು, ಬರೆದವರಿಗೆ 61%. ತಮಗೆ ಚೆನ್ನಾಗಿ ನೆನಪಿರುತ್ತದೆ ಅಂತ ಹೆಚ್ಚು ಧೈರ್ಯವಾಗಿ ಹೇಳಿದ್ದವರು ನಾಲ್ಕು ಸರದಿ ಓದಿದವರು.

ಹಳದಿ ಪೆನ್ನು ಪಕ್ಕಕ್ಕಿಡಿ. ಒಂದು ಭಾಗ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಬರೆಯಿರಿ. ಬರೆಯಲು ಬಾರದ ಜಾಗ ಸಿಕ್ಕಾಗ ಮೈ ಝುಂ ಅನ್ನುತ್ತದೆ, ಆದರೂ ಪುಸ್ತಕ ತೆಗೆಯುವ ಮೊದಲು ಒಂದು ನಿಮಿಷ ಒದ್ದಾಡಿ. ಮತ್ತೆ ಮೂರು ದಿನ ಬಿಟ್ಟು ಅದನ್ನೇ ಮಾಡಿ. ಈ ಕೋರ್ಸಿಗೆ ಇನ್ನೊಂದು ಬೇಕು, ದಿನಕ್ಕೆ ಎರಡು ಉದಾಹರಣೆ ನೀವೇ ಕಟ್ಟಿ. ಯಾರ ವರ್ತನೆ, ಅದಕ್ಕೆ ಮೊದಲು ಏನಿತ್ತು, ಆಮೇಲೆ ಏನು ಬಂತು ಅಥವಾ ಹೋಯಿತು, ವರ್ತನೆ ಯಾವ ಕಡೆ ಹೋಯಿತು. ಪುಸ್ತಕದ ಉದಾಹರಣೆಯನ್ನೇ ನೆನಪಿಟ್ಟುಕೊಂಡರೆ ಪರೀಕ್ಷೆಯಲ್ಲಿ ಮಗುವಿನ ಬದಲು ಬೆಕ್ಕು ಬಂದರೂ ಕಷ್ಟ.

ಮೂರನೇಬೆಂಚು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಲ್ಯಾಂಬ್ಡಾ ಅವರ ಲೆಕ್ಕವನ್ನು ಪುಸ್ತಕ ನೋಡದೆ ಬರೆದೆ. ಶಬ್ದ, ಬೆಳಕು ಎರಡೂ 80 ಆದ ಮೇಲೆ ಇನ್ನೊಂದು ಸಲ ಒಟ್ಟಿಗೆ ಕೊಟ್ಟರೆ ನಿರೀಕ್ಷೆ 160, ಆಶ್ಚರ್ಯ ಮೈನಸ್ 60, ಎರಡೂ 68ಕ್ಕೆ ಇಳಿಯುತ್ತವೆ. ಹೀಗೇ ಹೋಗುತ್ತಾ ಹೋಗುತ್ತಾ ಎರಡೂ 50ಕ್ಕೆ ಹತ್ತಿರ ಬಂದು ನಿಲ್ಲುತ್ತವೆ, ಸರಿನಾ?

ಉದಾಹರಣೆ ನಾನೇ ಒಂದು ಕಟ್ಟಿದೆ. ಕ್ಲಾಸಿನಲ್ಲಿ ನಾನು ಪ್ರಶ್ನೆ ಕೇಳಿದೆ, ಎಲ್ಲರೂ ನಕ್ಕರು, ಆಮೇಲೆ ನಾನು ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ನಗು ಬಂತು, ಆದ್ದರಿಂದ ಧನ. ವರ್ತನೆ ಕಡಿಮೆ ಆಯಿತು, ಆದ್ದರಿಂದ ಶಿಕ್ಷೆ. ಧನಾತ್ಮಕ ಶಿಕ್ಷೆ. ಇನ್ನೊಂದು: ಅದಾದ ಮೇಲೆ ಮೂರನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತೇನೆ, ಮೇಷ್ಟ್ರು ನನ್ನ ಕಡೆ ನೋಡುವುದನ್ನು ಬಿಡುತ್ತಾರೆ, ಎದೆ ಹಗುರ ಆಗುತ್ತದೆ. ಇದು ಋಣಾತ್ಮಕ ಶಿಕ್ಷೆ?

ಕೂಡುಕಳೆ:

ಲೆಕ್ಕ ಪೂರ್ತಿ ಸರಿ. ಮೊದಲ ಉದಾಹರಣೆಯೂ ಸರಿ. ಎರಡನೆಯದರಲ್ಲಿ ಋಣ ಸರಿ, ಮೇಷ್ಟ್ರ ನೋಟ ಹೋಯಿತು. ಶಿಕ್ಷೆ ಅಂದದ್ದನ್ನು ಮಾತ್ರ ಇನ್ನೊಂದು ಸಲ ನೋಡಿ. ತಲೆ ತಗ್ಗಿಸುವುದು ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತಿದೆಯೋ, ಕಡಿಮೆಯೋ?

ಮೂರನೇಬೆಂಚು:

ಜಾಸ್ತಿ. ಹಾಗಾದರೆ ಋಣಾತ್ಮಕ ಪುನರ್ಬಲನ. ಈಗ ಗೊತ್ತಾಯಿತು. ನಾಳೆ ಕ್ಲಾಸಿನಲ್ಲಿ ಬ್ಲಾಕಿಂಗ್ ಬಗ್ಗೆ ಒಂದು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ, ಕೇಳುತ್ತೇನೆ.